ಬಾಳೆಲೆಯ ಮೇಲೆ ಇಟ್ಟ ಬ್ಲೇಡು

ಈ ಸಭೆಯ ಅಧ್ಯಕ್ಷತೆ ವಹಿಸಿ ಆಗಾಗ ಗಡಿಯಾರ ನೋಡುತ್ತಿರುವ ಪ್ರಾಂಶುಪಾಲರೇ, ನನ್ನನ್ನು ಬೆಳುವಾಯಿಯಿಂದ ಮೂಡುಬಿದಿರೆಗೆ ಎಳೆದು ತಂದ ಅರ್ಥಶಾಸ್ತ್ರ ವಿಭಾಗದ ಮುಖ್ಯಸ್ಥರಾದ ಗಣೇಶಪ್ರಸಾದರೇ, ಇಷ್ಟು ಚಂದದ ಸ್ವಾಗತ ಭಾಷಣ ಮಾಡಿದ ಅರ್ಥಶಾಸ್ತ್ರ ಸಂಘದ ಕಾರ್ಯದರ್ಶಿ ಕುಮಾರಿ ಸಾಲಿಹಾ ಅವರೇ, ಅಧ್ಯಾಪಕರೇ, ಪೋಷಕರೇ, ಹಿಂದಿನ ಸಾಲುಗಳಲ್ಲಿ ಕುಳಿತು ಊಟದ ಹಾಲ್‌ನ ಬಾಗಿಲನ್ನೇ ನೋಡುತ್ತಿರುವ ವಿದ್ಯಾರ್ಥಿ ಮಿತ್ರರೇ, ಒಟ್ಟಾರೆ ಸಭಿಕರೇ,

ಸಾಲಿಹಾ ನನ್ನನ್ನು 'ಗೇರುಬೀಜ ಉದ್ಯಮದ ದಿಗ್ಗಜ, ಕೊಡುಗೈ ದಾನಿ ಕುಶಾಲಪ್ಪನವರು' ಎಂದು ಪರಿಚಯಿಸಿದರು. ನಾನು ಈ ಕಾಲೇಜಿಗೆ ಕೊಟ್ಟದ್ದು ಎರಡು ಫ್ಯಾನು. ಅದರಲ್ಲಿ ಒಂದು ಈಗ ನನ್ನ ತಲೆಯ ಮೇಲೆಯೇ ಉಂಟು, ತಿರುಗುತ್ತಿಲ್ಲ. ಸಾಲಿಹಾ ಹಾಗೆ ಹೊಗಳಿದ್ದಕ್ಕೆ ಕಾರಣ ಬೇರೆ. ಅವರ ಅಜ್ಜಿ ಐಸಮ್ಮ ನನ್ನ ಫ್ಯಾಕ್ಟರಿಯಲ್ಲಿ ಬೀಜ ಕತ್ತರಿಸುವ ವಿಭಾಗದ ಮುಖ್ಯಸ್ಥೆ. ನಾನು ಮೀಸೆ ಬರುವ ಮೊದಲು ಫ್ಯಾಕ್ಟರಿಗೆ ಕಾಲಿಟ್ಟಾಗಲೇ ಅವರು ಅಲ್ಲಿದ್ದರು. ಅಗೋ, ಪೋಷಕರ ಸಾಲಿನಲ್ಲಿ ಕುಳಿತಿದ್ದಾರೆ. ಬೆಳಿಗ್ಗೆ ನನ್ನಲ್ಲಿ ಅರ್ಧ ದಿನ ರಜೆ ಕೇಳಿ ಹೋದವರು. ಯಾವ ಕಾರ್ಯಕ್ರಮ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಒಂದು ವಾರದಿಂದ ನಮ್ಮೊಳಗೆ ಮಾತುಕತೆ ಸ್ವಲ್ಪ ಕಡಿಮೆ. ಅದು ಬೇರೆ ವಿಷಯ, ಬಿಡಿ.

ಇಂದಿನ ವಿಷಯ ಹಿಂದಿನ ಬ್ಯಾನರಿನಲ್ಲಿದೆ. 'ವಸಾಹತು ಆಳ್ವಿಕೆಯ ನಂತರ ಅಭಿವೃದ್ಧಿಶೀಲ ರಾಷ್ಟ್ರಗಳು ಎದುರಿಸುತ್ತಿರುವ ಸಾಮಾಜಿಕ ಮತ್ತು ಆರ್ಥಿಕ ಸವಾಲುಗಳು.' ವಿಷಯ ಇಷ್ಟು ಉದ್ದ ಇರುವ ಕಾರಣ ಉದ್ಘಾಟಕರ ಹೆಸರಿಗೆ ಜಾಗ ಸಾಲದೆ ಕೆಳಗೆ ಮೂಲೆಯಲ್ಲಿ ಹಾಕಿದ್ದಾರೆ, ಪರವಾಗಿಲ್ಲ. ಗಣೇಶಪ್ರಸಾದರು ಫೋನ್ ಮಾಡಿದಾಗ ನಾನು ಬೆಳ್ತಂಗಡಿಯಲ್ಲಿ ಒಂದು ಆಫೀಸಿನ ಮುಂದೆ ಕಾಯುತ್ತಿದ್ದೆ. ವಿಷಯ ಕೇಳುವ ಮೊದಲೇ ಬರುತ್ತೇನೆ ಎಂದುಬಿಟ್ಟೆ. ನಮ್ಮ ಕಡೆಯವರ ರೋಗವೇ ಅದು. ಯಾರಾದರೂ ಪ್ರೀತಿಯಿಂದ ಕರೆದರೆ, ಮನೆಗೆ ಬಂದರೆ, ಆಗುವುದಿಲ್ಲ ಎನ್ನಲಿಕ್ಕೆ ಬಾಯಿಯೇ ಬರುವುದಿಲ್ಲ. ಈ ರೋಗದಿಂದ ನನಗಾದ ನಷ್ಟವನ್ನು ಮುಂದೆ ಹೇಳುತ್ತೇನೆ.

ಮಿತ್ರರೇ, ಬ್ರಿಟಿಷರು ಮಾಡಿದ್ದೇನು? ಇಲ್ಲಿಂದ ಹತ್ತಿ ಕೊಂಡುಹೋದರು, ಬಟ್ಟೆ ಮಾಡಿ ನಮಗೇ ಮಾರಿದರು. ಕಚ್ಚಾ ಮಾಲು ನಮ್ಮದು, ಕೆಲಸ ಅವರದು, ಲಾಭ ಅವರದು. ಕೆಲಸವನ್ನು ನಮಗೆ ಕಲಿಸಿದರೇ? ಕಲಿಸಲಿಲ್ಲ. ಯಾಕೆ ಕಲಿಸಲಿಲ್ಲ? ಕಲಿತರೆ ನಾವು ಹತ್ತಿಯನ್ನು ನಮ್ಮಲ್ಲೇ ಇಟ್ಟುಕೊಳ್ಳುತ್ತೇವೆ ಎಂದು ಅವರಿಗೆ ಗೊತ್ತಿತ್ತು. ಒಂದು ದೇಶದಿಂದ ಮಾಲು ತರುವವನು ಆ ದೇಶದವರಿಗೆ ಕೆಲಸ ಕಲಿಸದೆ ಇರುವುದಕ್ಕಿಂತ ದೊಡ್ಡ ಅನ್ಯಾಯ ಬೇರೆ ಉಂಟೇ? ನೀವು ಚಪ್ಪಾಳೆ ಹೊಡೆಯಬಹುದು. ಸಂತೋಷ.

ಇದಕ್ಕೆ ನಮ್ಮ ಮನೆಯ ಉದಾಹರಣೆಯನ್ನೇ ಕೊಡುತ್ತೇನೆ. ನನ್ನ ತಂದೆ ಮುಂಡಪ್ಪನವರು ಅಣ್ಣಂದಿರೊಡನೆ ಜಗಳವಾಡಿ ಮನೆ ಬಿಟ್ಟು ಮಂಗಳೂರಿಗೆ ಹೋಗಿ ಒಬ್ಬ ಬಿಳಿ ಸಾಹೇಬನ ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದರು. ಸ್ವಾತಂತ್ರ್ಯ ಬಂದಿತ್ತು, ಆದರೆ ಸಾಹೇಬನಿಗೆ ಯಾರೂ ಹೇಳಿರಲಿಲ್ಲವೋ ಏನೋ, ಅವನು ಹೋಗಿರಲಿಲ್ಲ. ಬೀಜ ಸುಲಿದು ಕೈಯ ಚರ್ಮ ಸುಟ್ಟುಕೊಳ್ಳುವ ಕೆಲಸ ನಮ್ಮವರಿಗೆ. ಬೀಜ ಹುರಿಯುವ ಯಂತ್ರದ ಕೋಣೆಗೆ ಬೀಗ. ಬೀಗದ ಕೈ ಸಾಹೇಬನ ಚಡ್ಡಿಯ ಕಿಸೆಯಲ್ಲಿ. ಆ ಯಂತ್ರದ ಹೊಟ್ಟೆಯೊಳಗೆ ಏನಿದೆ, ಎಷ್ಟು ಅಗಲ, ಎಷ್ಟು ಆಳ, ಯಾರಿಗೂ ತಿಳಿಯದು.

ಆದರೆ ವರ್ಷಕ್ಕೊಮ್ಮೆ ಆಯುಧ ಪೂಜೆ ಬರುತ್ತದಲ್ಲ. ಸಾಹೇಬನಿಗೆ ಕೊರಳಿಗೆ ಹಾರ ಹಾಕಿಸಿಕೊಳ್ಳುವುದು ಇಷ್ಟ, ಬೆಲ್ಲದ ಅವಲಕ್ಕಿ ಇನ್ನೂ ಇಷ್ಟ. ಪೂಜೆಗೆಂದು ಯಂತ್ರ ತೊಳೆಯಬೇಕು, ತೊಳೆಯಲು ಬಾಗಿಲು ತೆರೆಯಬೇಕು. ಸಪೂರ ಇದ್ದಾನೆ ಎಂದು ನನ್ನ ತಂದೆಯನ್ನು ಯಂತ್ರದ ಒಳಗೇ ಇಳಿಸಿದರು. ತಂದೆಯವರು ಸೊಂಟಕ್ಕೆ ಸುತ್ತಿದ್ದ ಬೈರಾಸು, ಅಂದರೆ ಟವೆಲು, ಬಿಚ್ಚಿ ಒಳಗೆಲ್ಲ ಒರೆಸಿದರು. ಒರೆಸುತ್ತಾ ಒರೆಸುತ್ತಾ ಅದೇ ಬೈರಾಸಿನಿಂದ ಅಳತೆ ತೆಗೆದು ಗಂಟು ಹಾಕಿಕೊಂಡರು. ಉದ್ದಕ್ಕೊಂದು ಗಂಟು, ಅಗಲಕ್ಕೊಂದು ಗಂಟು. ಆ ಗಂಟು ಬಿಚ್ಚಿದ್ದು ಬೆಳುವಾಯಿಗೆ ಬಂದು, ತೆಂಗಿನ ಮಡಲಿನ ಚಪ್ಪರದ ಅಡಿಯಲ್ಲಿ ನಮ್ಮದೇ ಯಂತ್ರ ಮಾಡಿಸಿದ ಮೇಲೆ. ಇದು ಕಳ್ಳತನವೇ? ನೀವೇ ಹೇಳಿ. ಅಲ್ಲ. ನನ್ನ ತಂದೆ ಯಾವತ್ತೂ ಜೈಲಿಗೆ ಹೋದವರಲ್ಲ, ಆದರೆ ಇದೂ ಒಂದು ಸ್ವಾತಂತ್ರ್ಯ ಹೋರಾಟವೇ ಎಂದು ನಾನು ಎದೆ ತಟ್ಟಿ ಹೇಳುತ್ತೇನೆ. ಧನ್ಯವಾದ. ಇಷ್ಟು ಚಪ್ಪಾಳೆಯನ್ನು ನನ್ನ ತಂದೆ ಬದುಕಿದ್ದಾಗ ಯಾರೂ ಹೊಡೆಯಲಿಲ್ಲ.

ಇನ್ನು ಇಂದಿನ ಸವಾಲುಗಳಿಗೆ ಬರೋಣ. ಇಂದು ನಮ್ಮಂಥವರಿಗೆ ಎಂಥ ಅನ್ಯಾಯ ಆಗುತ್ತಿದೆ ಎಂದು ಕೇಳಿ.

ನಮ್ಮ ಫ್ಯಾಕ್ಟರಿಗೆ ಬೀಜ ಬರುವುದು ಆಫ್ರಿಕಾದಿಂದ. ಊರಿನ ಬೀಜ ಯಾಕೆ ಸಾಲುವುದಿಲ್ಲ ಎಂದು ಕೇಳಬೇಡಿ. ಊರಿನ ಗುಡ್ಡದಲ್ಲಿ ಈಗ ಇರುವುದು ರಬ್ಬರು. ನಮ್ಮ ಗುಡ್ಡದ ಗೇರುಮರ ಕಡಿದದ್ದು ಬ್ರಿಟಿಷರಲ್ಲ, ನಾನು. ಆಗ ರಬ್ಬರಿಗೆ ರೇಟು ಇತ್ತು. ಹಾಗಾಗಿ ತಾಂಜಾನಿಯಾ ದೇಶದ ಮ್ತ್ವಾರಾ ಎಂಬ ಊರಿನಿಂದ ಹಡಗಿನಲ್ಲಿ ಬೀಜ ತರಿಸುತ್ತೇವೆ. ಕಚ್ಚಾ ಮಾಲು ಅವರದು, ಕೆಲಸ ನಮ್ಮದು. ಎಲ್ಲವೂ ಸರಿಯಾಗಿಯೇ ನಡೆಯುತ್ತಿತ್ತು.

ಹಿಂದಿನ ವರ್ಷ ಅಲ್ಲಿಂದ ಬೀಜ ಕಳುಹಿಸುವ ವ್ಯಾಪಾರಿ ಫೋನ್ ಮಾಡಿದ. ತನ್ನ ಅಣ್ಣನ ಮಗಳು ರೆಹೆಮಾ ಓದು ಮುಗಿಸಿದ್ದಾಳೆ, ಮೂರು ತಿಂಗಳು ನಿಮ್ಮ ಫ್ಯಾಕ್ಟರಿ ನೋಡಲಿ ಎಂದ. ನಾನು ಏನು ಹೇಳಿದೆ ಎಂದು ನಿಮಗೆ ಗೊತ್ತು. ಬರಲಿ ಎಂದೆ.

ಬಂದಳು. ನನ್ನ ಹೆಂಡತಿ ಕಾಂತಿ ಬೆಲ್ಲ, ನೀರು ಕೊಟ್ಟು ಬರಮಾಡಿಕೊಂಡಳು. ನಮ್ಮ ಮನೆಯಲ್ಲೇ ಇದ್ದಳು. ವಾರ ಕಳೆಯುವುದರೊಳಗೆ ನೀರುದೋಸೆ ಹೊಯ್ಯಲು ಕಲಿತಳು. ಬೆಳಿಗ್ಗೆ ಫ್ಯಾಕ್ಟರಿಗೆ ಬಂದವಳು ಹೆಂಗಸರನ್ನೆಲ್ಲ 'ಉಣಸ್ ಆಂಡಾ' ಎಂದು ತುಳುವಿನಲ್ಲಿ ಊಟ ಆಯಿತೇ ಎಂದು ಕೇಳುವುದು. ಬೆಳಿಗ್ಗೆ ಒಂಬತ್ತಕ್ಕೆ ಯಾರ ಊಟ ಆಗಿರುತ್ತದೆ? ಆದರೂ ಎಲ್ಲರಿಗೂ ಅವಳೆಂದರೆ ಪ್ರೀತಿ. ಐಸಮ್ಮನಿಗಂತೂ ಅವಳು ಮೊಮ್ಮಗಳ ಹಾಗೆ. ಮಧ್ಯಾಹ್ನ ಇಬ್ಬರದ್ದೂ ಒಂದೇ ಬುತ್ತಿ.

ಆದರೆ ಪ್ರೀತಿ ಬೇರೆ, ವ್ಯಾಪಾರ ಬೇರೆ. ಅವಳು ಕಲಿಯಲು ಬಂದವಳು ಎಂದು ಗೊತ್ತಾಗಲು ನನಗೆ ಎರಡು ದಿನ ಸಾಕಾಯಿತು. ನಾನು ಐಸಮ್ಮನನ್ನು ಕರೆದು ಹೇಳಿದೆ, "ಸಿಪ್ಪೆ ತೆಗೆಯುವುದು ತೋರಿಸಿ, ವಿಂಗಡಿಸುವುದು ತೋರಿಸಿ. ಕತ್ತರಿಸುವ ಶೆಡ್ಡು ಮಾತ್ರ ಬೇಡ." ಶೆಡ್ಡಿನ ಬಾಗಿಲಿಗೆ 'ವಿದ್ಯುತ್ ಕೆಲಸ ನಡೆಯುತ್ತಿದೆ, ಅಪಾಯ' ಎಂದು ಬೋರ್ಡು ಹಾಕಿಸಿದೆ. ಎರಡು ತಿಂಗಳು ಅಲ್ಲಿ ವಿದ್ಯುತ್ ಕೆಲಸ ನಡೆಯಿತು. ಆ ಅಪಾಯದೊಳಗೆ ದಿನಾ ಬೆಳಿಗ್ಗೆ ಅರುವತ್ತು ಹೆಂಗಸರು ಹೋಗುವುದನ್ನು ಪಾಪ ಆ ಹುಡುಗಿ ನೋಡುತ್ತಿದ್ದಳು. ಏನೂ ಕೇಳಲಿಲ್ಲ. ಅವಳ ಊರಿನಲ್ಲೂ ಅತಿಥಿಗಳು ಹೆಚ್ಚು ಪ್ರಶ್ನೆ ಕೇಳುವ ಕ್ರಮ ಇಲ್ಲವಂತೆ.

ಶೆಡ್ಡಿನಲ್ಲಿ ಅಂಥದ್ದೇನಿದೆ ಎಂದು ನೀವು ಕೇಳಬಹುದು. ಬ್ಲೇಡು. ಈಗ ನಾವು ಬೀಜವನ್ನು ಹುರಿಯುವುದಿಲ್ಲ, ಆವಿಯಲ್ಲಿ ಬೇಯಿಸಿ ಕಾಲಿನಲ್ಲಿ ತುಳಿಯುವ ಯಂತ್ರಕ್ಕೆ ಕೊಟ್ಟು ಕತ್ತರಿಸುತ್ತೇವೆ. ಬ್ಲೇಡಿನ ಬಾಗು ಸರಿ ಇದ್ದರೆ ಸಿಪ್ಪೆ ಹೋಳಾಗಿ ಒಳಗಿನ ತಿರುಳು ಇಡಿಯಾಗಿ ಬರುತ್ತದೆ. ಬಾಗು ತಪ್ಪಿದರೆ ತುಂಡು. ಇಡಿ ಬೀಜ ಮದುವೆಮನೆಯ ಪಾಯಸದ ಮೇಲೆ ಕಾಣುತ್ತದೆ, ತುಂಡು ಬೀಜ ಬೇಕರಿಯ ಬಿಸ್ಕತ್ತಿನೊಳಗೆ ಮಾಯವಾಗುತ್ತದೆ. ನಮ್ಮ ಬದುಕು ಇರುವುದು ಈ ಬಾಗಿನಲ್ಲಿ. ಆಫ್ರಿಕಾದ ಬೀಜ ಊರಿನದಕ್ಕಿಂತ ಚಿಕ್ಕದು. ಅದಕ್ಕೆ ಸರಿಹೊಂದುವ ಬಾಗನ್ನು ನನ್ನ ತಂದೆ ಕೊನೆಗಾಲದಲ್ಲಿ ಅರ ಹಾಕಿ ಉಜ್ಜಿ ಉಜ್ಜಿ ಮಾಡಿಟ್ಟರು. ಅಂಥ ಬ್ಲೇಡು ಬೇರೆ ಯಾರಲ್ಲೂ ಇಲ್ಲ.

ಇಷ್ಟೆಲ್ಲ ಕಾಪಾಡಿಕೊಂಡು ಬಂದೆ. ಅಷ್ಟರಲ್ಲಿ ಆಯುಧ ಪೂಜೆ ಬಂತು.

ಯಾರೋ ಹಿಂದೆ ನಕ್ಕ ಹಾಗಾಯಿತು. ನಗುವ ವಿಷಯ ಇನ್ನೂ ಬಂದಿಲ್ಲ.

ಆಯುಧ ಪೂಜೆಯ ದಿನ ಫ್ಯಾಕ್ಟರಿಯ ಒಂದು ಬಾಗಿಲಿಗೂ ಬೀಗ ಇರಬಾರದು, ಅದು ನಮ್ಮ ತಂದೆಯ ಕಾಲದ ಕ್ರಮ. ಹಿಂದಿನ ದಿನವೇ ಹೆಂಗಸರು ಯಂತ್ರವನ್ನೆಲ್ಲ ಬಿಚ್ಚಿ ತೊಳೆದು ಸೇವಂತಿಗೆ ಮುಡಿಸಿದ್ದರು. ಅಪಾಯದ ಬೋರ್ಡಿಗೂ ಒಂದು ಮಾಲೆ ಬಿದ್ದಿತ್ತು. ಮಹಾಲಿಂಗೇಶ್ವರ ಭಟ್ಟರು ಬಂದು ಕುಳಿತವರು, "ಕುಶಾಲಪ್ಪಣ್ಣ, ಇಲ್ಲಿ ಮುಖ್ಯ ಆಯುಧ ಯಾವುದು? ಅದನ್ನು ನಡುವೆ ಇಡುವ" ಎಂದರು. ದೇವರ ಎದುರು ಸುಳ್ಳು ಹೇಳಲಿಕ್ಕಾಗುತ್ತದೆಯೇ? ತಂದೆಯವರ ಬ್ಲೇಡನ್ನು ನಾನೇ ಎರಡು ಕೈಯಲ್ಲಿ ಹಿಡಿದು ತಂದು, ಕುಡಿ ಬಾಳೆಲೆಯ ಮೇಲೆ ಇಟ್ಟು ಕುಂಕುಮ ಹಚ್ಚಿದೆ. ಮೇಸ್ತ್ರಿ ತನ್ನ ಅಡಿಪಟ್ಟಿಯನ್ನು ತಂದು ಅದರ ಪಕ್ಕದಲ್ಲೇ ಇಟ್ಟ. ಅಡಿಪಟ್ಟಿಯೂ ಆಯುಧವೇ ತಾನೇ? ಭಟ್ಟರು ಎರಡಕ್ಕೂ ಒಟ್ಟಿಗೇ ಆರತಿ ಎತ್ತಿದರು.

ಇನ್ನು, ಮೊದಲ ಆರತಿ ತೆಗೆದುಕೊಳ್ಳಬೇಕಾದವರು ಯಾರು? ಮನೆಗೆ ಬಂದ ಅತಿಥಿ. ಕಾಂತಿ ಅವಳಿಗೆ ತನ್ನ ಹಸಿರು ಸೀರೆ ಉಡಿಸಿದ್ದಳು. ನಾನೇ ಅವಳನ್ನು ಕರೆದು ಎದುರಿಗೆ ನಿಲ್ಲಿಸಿದೆ. ಪಾಣೆಮಂಗಳೂರಿನಿಂದ ಫೋಟೋಗ್ರಾಫರ್ ಶರೀಫ್ ಬಂದಿದ್ದ. ಅವನಿಗೂ ನಾನೇ ಹೇಳಿದೆ, "ಹುಡುಗಿ ಬರಲಿ, ನಾನು ಬರಲಿ, ಬ್ಲೇಡು ಸ್ಪಷ್ಟ ಬರಲಿ. ಅದು ನನ್ನ ಅಪ್ಪನದ್ದು." ಅವನು ಒಳ್ಳೆಯ ಫೋಟೋಗ್ರಾಫರ್. ನಾಲ್ಕು ಮಗ್ಗುಲಿನಿಂದ ತೆಗೆದ. ಮರುದಿನ ಪೇಪರಿನಲ್ಲಿ ಬಣ್ಣದಲ್ಲಿ ಬಂತು, 'ಬೆಳುವಾಯಿಯಲ್ಲಿ ಆಫ್ರಿಕಾದ ಅತಿಥಿಗೆ ಆಯುಧ ಪೂಜೆಯ ಸಂಭ್ರಮ'. ನನ್ನ ಮುಖ ಅರ್ಧ ಕಟ್ಟಾಗಿತ್ತು. ಬ್ಲೇಡು ಪೂರ್ತಿ ಬಂದಿತ್ತು, ಪಕ್ಕದ ಅಡಿಪಟ್ಟಿಯ ಗೆರೆಗಳನ್ನು ಎಣಿಸಬಹುದಿತ್ತು. ನಾನು ಅದನ್ನು ವಾಟ್ಸಾಪಿನಲ್ಲಿ ಎಲ್ಲರಿಗೂ ಕಳುಹಿಸಿದೆ. ರೆಹೆಮಾಳ ಚಿಕ್ಕಪ್ಪನಿಗೂ ಕಳುಹಿಸಿದೆ. ಅವನು ಕೈಮುಗಿದ ಚಿತ್ರ ಕಳುಹಿಸಿದ. ನಾನು ಅದನ್ನು ಭಕ್ತಿ ಎಂದುಕೊಂಡೆ.

ಈಗ ನಗಿ. ಪ್ರಾಂಶುಪಾಲರೇ, ನೀವು ಕರವಸ್ತ್ರ ಅಡ್ಡ ಹಿಡಿಯಬೇಕೆಂದಿಲ್ಲ.

ಬಜಪೆ ವಿಮಾನ ನಿಲ್ದಾಣದಲ್ಲಿ ಆ ಹುಡುಗಿ ಕಾಂತಿಯನ್ನು ತಬ್ಬಿ ಅತ್ತಳು, ಐಸಮ್ಮನನ್ನು ತಬ್ಬಿ ಇನ್ನೂ ಅತ್ತಳು. ಕಾಂತಿ ಹಲಸಿನ ಹಪ್ಪಳದ ಕಟ್ಟು ಕೊಟ್ಟಳು. ಈ ವರ್ಷ ಬೀಜದ ಕಾಲ ಬಂತು, ಹಡಗು ಬರಲಿಲ್ಲ. ಫೋನ್ ಮಾಡಿದರೆ ಚಿಕ್ಕಪ್ಪ ಹೇಳುತ್ತಾನೆ, "ಈ ಸಲ ಬೀಜ ನಮಗೇ ಬೇಕು. ರೆಹೆಮಾ ಇಲ್ಲೇ ಫ್ಯಾಕ್ಟರಿ ಹಾಕಿದ್ದಾಳೆ." ಮೂರು ತಿಂಗಳು ನಮ್ಮ ಮನೆಯಲ್ಲಿ ಉಂಡು, ನಮ್ಮ ಸೀರೆ ಉಟ್ಟು, ನಮ್ಮ ದೇವರ ಆರತಿ ತೆಗೆದುಕೊಂಡು, ನಮ್ಮದೇ ಪೂಜೆಯ ದಿನ ನಮ್ಮದೇ ಬ್ಲೇಡಿನ ಅಳತೆ ಕೊಂಡುಹೋಗಿ ನಮಗೇ ಬೀಜ ಇಲ್ಲ ಎನ್ನುವುದು! ಇದನ್ನು ಏನೆಂದು ಕರೆಯಬೇಕು ಸಭಿಕರೇ? ನೀವೇ ಹೇಳಿ, ಇದು ಕಳ್ಳತನ ಅಲ್ಲವೇ?

ಏನದು? ಜೋರಾಗಿ ಹೇಳಿ. ಸ್ವಾತಂತ್ರ್ಯ ಹೋರಾಟವಾ?

ನೀರು ಕುಡಿಯುತ್ತೇನೆ, ಒಂದು ನಿಮಿಷ.

ನೋಡಿ, ನಾನು ಸಾಹೇಬನಲ್ಲ. ಮಂಗಳೂರಿನ ಸಾಹೇಬ ನನ್ನ ತಂದೆಯನ್ನು ಒಂದು ದಿನ ಊಟಕ್ಕೆ ಕರೆದವನಲ್ಲ. ನಾನು ಆ ಹುಡುಗಿಗೆ ದೋಸೆ ಹೊಯ್ಯಲು ಕಲಿಸಿದ್ದೇನೆ, ಅಂದರೆ ಕಾಂತಿ ಕಲಿಸಿದ್ದಾಳೆ. ಬೀಜ ಕತ್ತರಿಸಲು ಕಲಿಸಲಿಲ್ಲ, ನಿಜ. ಬೋರ್ಡು ಹಾಕಿದ್ದು ನಿಜ. ಆದರೆ ನನ್ನ ಕಷ್ಟವೂ ನಿಮಗೆ ತಿಳಿಯಬೇಕು. ಈಗ ನಮ್ಮ ಬಾಯ್ಲರಿಗೆ ವಾರದಲ್ಲಿ ಮೂರು ದಿನ ಮಾತ್ರ ಬೆಂಕಿ. ಉಳಿದ ದಿನ ಹೆಂಗಸರು ಮನೆಯಲ್ಲಿ. ಇಲ್ಲಿ ಕುಳಿತಿರುವ ಎಷ್ಟೋ ಮಕ್ಕಳ ತಾಯಂದಿರು ನಮ್ಮಲ್ಲಿ ಕೆಲಸ ಮಾಡುವವರು. ಬಾಗಿಲು ಹಾಕಬೇಕಾಗಿ ಬಂದರೆ ಎಂದು ನನಗೆ ಹೆದರಿಕೆ ಆಗುತ್ತದೆ. ಹೆದರಿದವನು ಏನು ಮಾಡುತ್ತಾನೆ? ಇರುವುದನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾನೆ.

ಹೋದ ವಾರ ರೆಹೆಮಾ ವಿಡಿಯೋ ಕಾಲ್ ಮಾಡಿದಳು. ಅವಳ ಹಿಂದೆ ತಗಡಿನ ಶೆಡ್ಡು, ಸಾಲಾಗಿ ಹೆಂಗಸರು, ನಮ್ಮದೇ ಥರದ ಯಂತ್ರ. ಬೊಗಸೆ ತುಂಬ ಬೀಜ ಎತ್ತಿ ತೋರಿಸಿದಳು, ಎಲ್ಲ ತುಂಡು. "ಬ್ಲೇಡ್ ಸರಿ ಉಂಟು ಅಂಕಲ್" ಎಂದಳು, ಕನ್ನಡದಲ್ಲೇ. "ಆದರೆ ಕೂರಿಸಲಿಕ್ಕೆ ಗೊತ್ತಾಗುವುದಿಲ್ಲ. ಐಸಮ್ಮನನ್ನು ಕಳಿಸಿಕೊಡ್ತೀರಾ?" ನನಗೆ ಒಳಗಿಂದೊಳಗೇ ಎಷ್ಟು ಖುಷಿಯಾಯಿತು ಎಂದು ಹೇಳಲಿಕ್ಕಿಲ್ಲ. ಬ್ಲೇಡು ಫೋಟೋದಲ್ಲಿ ಹೋಗುತ್ತದೆ, ಅದನ್ನು ಕೂರಿಸುವ ಐಸಮ್ಮನ ಕೈ ಹೋಗುವುದಿಲ್ಲ.

ಅವಳು ಇನ್ನೊಂದು ಮಾತು ಹೇಳಿದಳು. ಅವಳ ಊರಿನ ದೊಡ್ಡ ಅಂಗಡಿಯಲ್ಲಿ ನಮ್ಮ 'ಮುಂಡಪ್ಪ ಸ್ಪೆಷಲ್' ಬೀಜದ ಪ್ಯಾಕೆಟು ಸಿಗುತ್ತದಂತೆ. ಬೀಜ ಹೆಕ್ಕಿ ಮಾರುವ ಹೆಂಗಸರು ಪೇಟೆಗೆ ಬಂದಾಗ ಅದನ್ನು ಕೈಗೆತ್ತಿಕೊಂಡು, ರೇಟು ನೋಡಿ, ವಾಪಸು ಇಡುತ್ತಾರಂತೆ. ಪ್ಯಾಕೆಟಿನ ಮೇಲೆ ನನ್ನ ತಂದೆಯ ಫೋಟೋ ಉಂಟು. ನಾನು ಅವತ್ತು ರಾತ್ರಿ ಸರಿಯಾಗಿ ಉಣ್ಣಲಿಲ್ಲ.

ಆದರೂ ಮರುದಿನ ಐಸಮ್ಮ ಬಂದು ಕೇಳಿದಾಗ ನಾನು ಹೇಳಿದ್ದು ಬೇರೆಯೇ. ಅವರು ಬಾಗಿಲಲ್ಲಿ ನಿಂತು, "ಧಣಿ, ಆ ಹುಡುಗಿ ಕರೀತಾಳೆ. ನಾನು ಉಳ್ಳಾಲದ ದರ್ಗಾ ಬಿಟ್ಟು ಆಚೆ ಎಲ್ಲಿಗೂ ಹೋದವಳಲ್ಲ. ಒಂದು ಸಲ ಹೋಗಿ ಬರ್ತೇನೆ" ಎಂದರು. ನಾನು ಹೇಳಿದೆ, "ಬೇಡ ಐಸಮ್ಮ. ನಿಮಗೆ ಅಲ್ಲಿಯ ಊಟ ಆಗಲಿಕ್ಕಿಲ್ಲ, ಭಾಷೆ ಬರುವುದಿಲ್ಲ. ನಿಮಗೆ ಹೊರಗಿನ ಪ್ರಪಂಚ ಇನ್ನೂ ಗೊತ್ತಿಲ್ಲ. ನಿಮ್ಮ ಒಳ್ಳೆಯದಕ್ಕೇ ಹೇಳುವುದು."

ಗಣೇಶಪ್ರಸಾದರು ಪ್ರಾಸ್ತಾವಿಕ ಮಾತಿನಲ್ಲಿ ಈಗಷ್ಟೇ ಹೇಳಿದರಲ್ಲ, ಸ್ವರಾಜ್ಯ ಕೇಳಿದವರಿಗೆ ಬ್ರಿಟಿಷರು ಏನು ಉತ್ತರ ಕೊಡುತ್ತಿದ್ದರು ಎಂದು. ನೀವಿನ್ನೂ ತಯಾರಾಗಿಲ್ಲ, ನಿಮ್ಮ ಒಳ್ಳೆಯದಕ್ಕೇ ಹೇಳುವುದು ಎಂದು. ನಾನು ಅಲ್ಲಿ ಕುಳಿತು ಜೋರಾಗಿ ಚಪ್ಪಾಳೆ ಹೊಡೆದೆ. ಐಸಮ್ಮ ಪೋಷಕರ ಸಾಲಿನಿಂದ ನನ್ನನ್ನೇ ನೋಡುತ್ತಿದ್ದರು. ನಾನು ಗೋಡೆಯ ಕಡೆ ತಿರುಗಿದೆ.

ಗಣೇಶಪ್ರಸಾದರೇ, ನೀವು ನನಗೆ ಇಂಥ ವಿಷಯ ಕೊಡಬಾರದಿತ್ತು. ರಸಗೊಬ್ಬರದ ಬಗ್ಗೆ ಕೊಟ್ಟಿದ್ದರೆ ನಾನು ಇಷ್ಟು ಹೊತ್ತಿಗೆ ಉಂಡು ಮನೆ ಸೇರುತ್ತಿದ್ದೆ. ಈಗ ತಂದೆಯ ಬೈರಾಸಿಗೆ ನಿಮ್ಮಿಂದ ಚಪ್ಪಾಳೆ ಹೊಡೆಸಿಕೊಂಡ ಬಾಯಲ್ಲೇ ನಾನು ಆ ಹುಡುಗಿಯನ್ನು ಬೈದರೆ ಮನೆಯಲ್ಲಿ ಕಾಂತಿ ಅನ್ನ ಹಾಕಲಿಕ್ಕಿಲ್ಲ. ಹಾಗಾಗಿ ಈ ಸಭೆಯ ಎದುರಿನಲ್ಲೇ ಹೇಳಿಬಿಡುತ್ತೇನೆ. ಐಸಮ್ಮ, ನೀವು ಹೋಗಿ ಬನ್ನಿ. ಬ್ಲೇಡು ಹೇಗೆ ಕೂರಿಸುವುದು ಎಂದು ಆ ಹುಡುಗಿಗೆ ಪೂರ್ತಿ ಹೇಳಿಕೊಡಿ, ಅರ್ಧ ಇಟ್ಟುಕೊಳ್ಳಬೇಡಿ. ನಾನು ನಿಮಗೆ ಒಪ್ಪಿಗೆ ಕೊಟ್ಟಿದ್ದೇನೆ.

ಧನ್ಯವಾದ. ಸಾಕು, ಸಾಕು, ಕುಳಿತುಕೊಳ್ಳಿ. ಇಷ್ಟು ದೊಡ್ಡ ಚಪ್ಪಾಳೆ ನನಗೆ ಇಡೀ ಜನ್ಮದಲ್ಲಿ ಸಿಕ್ಕಿರಲಿಲ್ಲ.

ಏನು ಸಾಲಿಹಾ? ಮೈಕಿನ ಹತ್ತಿರ ಹೇಳಿ. ಟಿಕೆಟ್? ಟಿಕೆಟ್ ಆಗಿದೆಯಾ? ಯಾವತ್ತಿಗೆ? ಬರುವ ಶನಿವಾರಕ್ಕಾ?

ಐಸಮ್ಮ, ನಾನು ಬೇಡ ಎಂದದ್ದು ಹೋದ ವಾರ. ಟಿಕೆಟ್ ಮಾಡಿದ್ದು ಯಾವಾಗ? ಅದಕ್ಕಿಂತ ಮೊದಲೇ. ಅಂದರೆ ಆ ಹುಡುಗಿ ನನಗಿಂತ ಮುಂಚೆ ನಿಮಗೇ ಫೋನ್ ಮಾಡಿದ್ದಳು. ಪಾಸ್‌ಪೋರ್ಟು? ಅದೂ ಆಗಿದೆ, ಮೊಮ್ಮಗಳು ಮಾಡಿಸಿದ್ದಾಳೆ. ಹಾಗಾದರೆ ನನ್ನಲ್ಲಿ ಬಂದು ಕೇಳಿದ್ದು ಯಾಕೆ?

ಸಭಿಕರೇ, ಹಿಂದೆ ಇರುವವರಿಗೆ ಕೇಳಿಸಲಿಲ್ಲವೇನೋ. "ಮರ್ಯಾದೆಗೆ ಕೇಳಿದ್ದು ಧಣಿ" ಎಂದರು.

ಮರ್ಯಾದೆಗೆ. ನಾನು ಒಂದು ವಾರ ನಿದ್ದೆ ಬಿಟ್ಟು, ಇಲ್ಲಿ ನಿಂತು, ಅಷ್ಟು ಕಷ್ಟಪಟ್ಟು ಕೊಟ್ಟದ್ದು ನನ್ನ ಕೈಯಲ್ಲಿ ಇರಲೇ ಇಲ್ಲ. ನನ್ನ ಚಪ್ಪಾಳೆಯನ್ನು ದಯವಿಟ್ಟು ವಾಪಸು ತೆಗೆದುಕೊಂಡು ಐಸಮ್ಮನಿಗೆ ಕೊಡಿ.

ನನಗೆ ಬೇಸರವಾಗಿದೆ, ಸುಳ್ಳು ಹೇಳುವುದಿಲ್ಲ. ಹೆಮ್ಮೆಯೂ ಆಗಿದೆ, ಅದನ್ನು ಹೇಗೆ ಹೇಳುವುದೆಂದು ಗೊತ್ತಾಗುತ್ತಿಲ್ಲ. ನಾಳೆಯಿಂದ ಫ್ಯಾಕ್ಟರಿಗೆ ಬೀಜ ಎಲ್ಲಿಂದ ಎಂಬುದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಅರ್ಥಶಾಸ್ತ್ರ ಸಂಘದವರು ಯೋಚಿಸಿ ಹೇಳಿದರೆ ಉಪಕಾರ.

ಕರೆದು ಕೂರಿಸಿ, ಇಷ್ಟು ಹೊತ್ತು ಸಹಿಸಿದ ಎಲ್ಲರಿಗೂ ವಂದನೆಗಳು. ಐಸಮ್ಮ, ಒಂದೇ ಕೋರಿಕೆ. ಅಲ್ಲಿ ಮುಟ್ಟಿದ ಕೂಡಲೇ ಒಂದು ಫೋನ್ ಮಾಡಿ. ಬೀಜದ ವಿಷಯ ನಾನು ಎತ್ತುವುದಿಲ್ಲ. ಶನಿವಾರ ವಿಮಾನ ನಿಲ್ದಾಣಕ್ಕೆ ಬಸ್ಸಿನಲ್ಲಿ ಹೋಗಬೇಡಿ, ಕಾರು ತರುತ್ತೇನೆ. ಇದು ಒಪ್ಪಿಗೆ ಅಲ್ಲ, ಕೇಳುತ್ತಿರುವುದು. ಬರಬಹುದಾ?

ಯೋಚಿಸಿ ಹೇಳುತ್ತಾರಂತೆ. ಆಗಲಿ, ಕಾಯುತ್ತೇನೆ.

ಎಲ್ಲರಿಗೂ ನಮಸ್ಕಾರ.